ಎಂಜಿನ್‌ಗೆ ವಾರಂಟಿ ಉಂಟು, ಆಯಿಲ್ ಸೋರಿದರೆ ಇಲ್ಲ: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ.

ಪ್ರತಿ: ಜಿಲ್ಲಾಧಿಕಾರಿಗಳು, ತುಮಕೂರು.

ಮಾನ್ಯರೇ,

ಹಳೇ ಕಾರು ಮಾರುವ ಕಂಪನಿಯೊಂದು ‘ಎಂಜಿನ್‌ಗೆ ಒಂದು ವರ್ಷ ವಾರಂಟಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗಾಡಿ ಮಾರುತ್ತದೆ. ಆಮೇಲೆ ಎಂಜಿನ್‌ನಿಂದ ಆಯಿಲ್ ಸೋರಿದರೆ ‘ಅದು ವಾರಂಟಿಯಲ್ಲಿ ಬರಲ್ಲ’ ಎನ್ನುತ್ತದೆ. ಹಾಗಾದರೆ ಆ ಒಂದು ವರ್ಷ ಯಾವುದಕ್ಕೆ? ಇದನ್ನು ಕೇಳಲೆಂದೇ ಈ ಪತ್ರ. ನನ್ನೊಬ್ಬನ ಕಾರಿನ ವಿಷಯವಾಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ ಸುಮ್ಮನಿರುತ್ತಿದ್ದೆ. ಅಲ್ಲಿಗೂ ಹೋಗುತ್ತೇನೆ. ಆದರೆ ಇದೇ ವಾರಂಟಿ ಹಾಳೆ ಪಡೆದವರು ನಾನೊಬ್ಬನೇ ಅಲ್ಲ. ಹಾಗಾಗಿ ನಿಮಗೂ ಬರೆಯುತ್ತಿದ್ದೇನೆ, ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಾರು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಂಗಳೂರಿನ ಒಂದು ಶೋರೂಮ್‌ನಿಂದ ತಂದದ್ದು. ನಾವಿರುವುದು ತಿಪಟೂರಿನಲ್ಲಿ. ನಮ್ಮೂರಿನಲ್ಲೂ ಬ್ರೋಕರ್‌ಗಳಿದ್ದಾರೆ. ಅವರ ಹತ್ತಿರ ಇದೇ ಮಾಡೆಲ್, ಇದೇ ವರ್ಷದ ಗಾಡಿ ಕಡಿಮೆಗೇ ಸಿಗುತ್ತಿತ್ತು. ಆದರೂ ಮನೆಯವರೆಲ್ಲ ಕೂತು ಮಾತಾಡಿ, ಜಾಸ್ತಿ ದುಡ್ಡು ಕೊಟ್ಟು ಕಂಪನಿಯಿಂದಲೇ ತಗೊಂಡೆವು. ಕಾರಣ ಎರಡೇ: ತಪಾಸಣಾ ವರದಿ ಮತ್ತು ವಾರಂಟಿ. ವರದಿ ಎಷ್ಟು ಚೊಕ್ಕವಾಗಿತ್ತು ಎಂದರೆ, ಬಂಪರ್ ಮೇಲಿನ ಉಗುರಿನಷ್ಟು ಗೀರಿಗೂ ಫೋಟೊ ಹಾಕಿದ್ದರು. ‘ಎಂಜಿನ್ ಆಯಿಲ್ ಸೋರಿಕೆ’ ಎಂಬ ಸಾಲಿನ ಎದುರು ‘ಇಲ್ಲ’ ಎಂದು ಹಸಿರು ಗುರುತು. ಬಾನೆಟ್ ಎತ್ತಿದರೆ ಎಂಜಿನ್ ಫಳಫಳ ಹೊಳೆಯುತ್ತಿತ್ತು.

ತಂದ ಕೆಲವೇ ವಾರಗಳಲ್ಲಿ ಮನೆ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕಪ್ಪು ಕಲೆ ಕಾಣಿಸಿತು. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಟ್ಟೆ. ಬೆಳಗ್ಗೆ ರಟ್ಟಿನ ಮೇಲೆ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗಕ್ಕೆ ಸರಿಯಾಗಿ, ಅಂಗೈ ಅಗಲದ ಆಯಿಲ್. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕೆಳಗಿನ ಗುರುತಿಗೆ ಬಂದಿತ್ತು.

ಕಂಪನಿಗೆ ಫೋನ್ ಮಾಡುವ ಮೊದಲು ನಮ್ಮೂರಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಏನನ್ನೂ ಬಿಚ್ಚಬೇಡಿ, ಬರೀ ನೋಡಿ ಹೇಳಿ ಎಂದೆ. ಅವರು ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ವೇಸ್ಟ್ ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಿದರು. ಎಂಜಿನ್ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಒಣಗಿತ್ತು. ಆಯಿಲ್ ಫಿಲ್ಟರ್ ಸುತ್ತ ಏನೂ ಇಲ್ಲ. ಕೆಳಗೆ ಆಯಿಲ್ ನಿಲ್ಲುವ ಚೇಂಬರ್‌ನ ಬೋಲ್ಟ್ ಸರಿ. ಒದ್ದೆಯಾಗಿದ್ದದ್ದು ಗೇರ್‌ಬಾಕ್ಸ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಕೆಳಗೆ. ಎಂಜಿನ್‌ನ ತಿರುಗುವ ದಂಡ ಹೊರಬರುವ ಕಡೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ ಅದು. ಆಮೇಲೆ ಅವರು ನನ್ನನ್ನು ಬಗ್ಗಿಸಿ ಇನ್ನೊಂದು ತೋರಿಸಿದರು. ಕೈಗೆಟುಕುವ ಕಡೆಯೆಲ್ಲ ಲೋಹ ಬೆಳ್ಳಗಿತ್ತು, ವಾಶ್ ಮಾಡಿದ್ದು ಎದ್ದು ಕಾಣುತ್ತಿತ್ತು. ಆದರೆ ಒಂದು ಬ್ರಾಕೆಟ್ ಹಿಂದೆ, ನೀರು ಹೋಗದ ಸಂದಿಯಲ್ಲಿ, ಆಯಿಲೂ ಧೂಳೂ ಸೇರಿ ಗಟ್ಟಿಯಾದ ಮಡ್ಡಿ ಬೆರಳು ದಪ್ಪ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಪದರ ಪದರವಾಗಿ ಏಳುತ್ತಿತ್ತು. “ಸಾರ್, ಇದು ನಿಮ್ಮ ಕೈಗೆ ಬಂದ ಮೇಲೆ ಆಗಿದ್ದಲ್ಲ. ವರ್ಷಗಟ್ಟಲೆ ಸೋರಿರೋ ಗಾಡಿ ಇದು” ಎಂದರು. ಎಲ್ಲದರ ಫೋಟೊ, ವಿಡಿಯೊ ತೆಗೆದಿಟ್ಟೆ.

ಕಂಪನಿಗೆ ಕಳಿಸಿದೆ. ಮೊದಲ ಉತ್ತರ: ‘ಆಯಿಲ್ ಸೀಲ್, ಗ್ಯಾಸ್ಕೆಟ್, ರಬ್ಬರ್ ಭಾಗಗಳು ವೇರ್ ಅಂಡ್ ಟೇರ್ ಅಡಿಯಲ್ಲಿ ಬರುತ್ತವೆ, ವಾರಂಟಿ ಅನ್ವಯಿಸದು.’ ಅಂದರೆ ನಾನು ಓಡಿಸಿದ್ದರಿಂದ ಸವೆದಿದೆ ಎಂದು. ನಾನು ಮಡ್ಡಿಯ ಫೋಟೊ ಮುಂದಿಟ್ಟೆ. ಇದು ಹಳೆಯ ಸೋರಿಕೆ, ನೀವು ಮಾರುವಾಗಲೇ ಇತ್ತು ಎಂದೆ. ಎರಡನೇ ಉತ್ತರ ಬಂತು: ‘ಮಾರಾಟಕ್ಕೆ ಮೊದಲೇ ಇದ್ದ ದೋಷಗಳಿಗೆ ವಾರಂಟಿ ಅನ್ವಯಿಸದು.’

ಮಾನ್ಯರೇ, ಈ ಎರಡು ಉತ್ತರಗಳನ್ನು ದಯವಿಟ್ಟು ಒಟ್ಟಿಗೆ ಇಟ್ಟು ಓದಿ. ದೋಷ ಮಾರಾಟದ ನಂತರ ಬಂದರೆ ಅದು ಸವೆತ. ಮಾರಾಟಕ್ಕೆ ಮೊದಲೇ ಇದ್ದರೆ ಅದು ಹಳೇ ದೋಷ. ಇವೆರಡೂ ಅಲ್ಲದ ಇನ್ನೊಂದು ಕಾಲ ಯಾವುದು? ಹಳೇ ಕಾರಿನಲ್ಲಿ ಯಾವ ಭಾಗ ಕೆಟ್ಟರೂ ಈ ಎರಡರಲ್ಲಿ ಒಂದು ಮಾತು ಹೇಳಿ ಕೈ ತೊಳೆದುಕೊಳ್ಳಬಹುದು. ಅವರೇ ತಪಾಸಣೆ ಮಾಡಿ ‘ಸೋರಿಕೆ ಇಲ್ಲ’ ಎಂದು ಬರೆದುಕೊಟ್ಟಿದ್ದಾರೆ. ಆ ಮಾತು ನಿಜವಾಗಿದ್ದರೆ ದೋಷ ಮೊದಲೇ ಇತ್ತು ಎನ್ನುವ ಹಾಗಿಲ್ಲ. ಸುಳ್ಳಾಗಿದ್ದರೆ ಅದಕ್ಕೆ ಅವರೇ ಹೊಣೆ. ನಾನು ಇದನ್ನು ಇಮೇಲ್‌ನಲ್ಲಿ ಬರೆದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ‘ನಿಮ್ಮ ದೂರನ್ನು ಮುಚ್ಚಲಾಗಿದೆ’ ಎಂಬ ಮೆಸೇಜ್ ಬಂತು, ಅಷ್ಟೇ.

ಒಂದು ಸೀಲ್‌ಗೆ ಇಷ್ಟು ರಗಳೆ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಸೀಲ್‌ನ ಬೆಲೆ ಕೆಲವು ನೂರು ರೂಪಾಯಿ ಇರಬಹುದು. ಆದರೆ ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಕೂಲಿಯೇ ಸಾವಿರಗಟ್ಟಲೆ. ಸುಮ್ನೆ ಬಿಟ್ಟರೆ ಆಯಿಲ್ ಕ್ಲಚ್ ಪ್ಲೇಟ್‌ಗೆ ತಾಗಿ ಕ್ಲಚ್ ಜಾರುತ್ತದೆ. ಆಯಿಲ್ ಕಡಿಮೆಯಾದದ್ದು ಗೊತ್ತಾಗದೆ ಹೈವೇಯಲ್ಲಿ ದೂರ ಓಡಿಸಿದರೆ ಬೇರಿಂಗ್ ಹೋಗಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಆಗ ಕಂಪನಿ ಹೇಳುವ ಮಾತು ಬೇರೆ: ‘ಕಡಿಮೆ ಆಯಿಲ್‌ನಲ್ಲಿ ಓಡಿಸಿದ್ದು ಗ್ರಾಹಕರ ನಿರ್ಲಕ್ಷ್ಯ.’ ಅದೂ ಅವರ ವಾರಂಟಿ ಹಾಳೆಯಲ್ಲಿ ಬರೆದಿದೆ. ಸಣ್ಣದರಲ್ಲೇ ಸರಿ ಮಾಡಿಕೊಡುವುದಿಲ್ಲ, ದೊಡ್ಡದಾದ ಮೇಲೆ ತಪ್ಪು ನಮ್ಮದು.

ಸೀಲ್ ಸೋರುವುದಕ್ಕೆ ರಬ್ಬರ್ ಹಳತಾಗುವುದೊಂದೇ ಕಾರಣವೂ ಅಲ್ಲ. ಬಿಸಿಗೆ ರಬ್ಬರ್ ಗಟ್ಟಿಯಾಗಿ ಬಿರಿಯುವುದು ನಿಜ. ಆದರೆ ಎಂಜಿನ್ ಒಳಗಿನ ಗಾಳಿಯನ್ನು ಹೊರಗೆ ಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಸೀಲ್ ದಾಟಿ ಆಯಿಲ್ ಹೊರಬರುತ್ತದೆ. ಪಿಸ್ಟನ್ ರಿಂಗ್ ಸವೆದು, ಪೆಟ್ರೋಲ್ ಉರಿದ ಗ್ಯಾಸ್ ಕೆಳಗಿಳಿದರೂ ಹಾಗೇ ಆಗುತ್ತದೆ. ಪಿಸ್ಟನ್, ರಿಂಗ್ ಎಲ್ಲ ಇವರದೇ ಪಟ್ಟಿಯ ಪ್ರಕಾರ ವಾರಂಟಿಯಲ್ಲಿ ಬರುವ ಭಾಗಗಳು. ಹಾಗಿದ್ದ ಮೇಲೆ ಕಾರಣ ಹುಡುಕದೆ ‘ವೇರ್ ಅಂಡ್ ಟೇರ್’ ಎಂದು ಬರೆದದ್ದು ಹೇಗೆ? ಕಂಪನಿಯ ಕಡೆಯಿಂದ ಯಾರೂ ಗಾಡಿಯನ್ನು ಎತ್ತಿ ನೋಡಿಲ್ಲ. ಪಿಸ್ಟನ್ ರಿಂಗ್ ಸವೆದಿದೆಯೇ ಎಂದು ತಿಳಿಯಲು ಮಾಡುವ ಕಂಪ್ರೆಶನ್ ಪರೀಕ್ಷೆ ಮಾಡಿಲ್ಲ. ಆಯಿಲ್‌ಗೆ ಬಣ್ಣ ಬೆರೆಸಿ ನೀಲಿ ಬೆಳಕಿನಲ್ಲಿ ಸೋರುವ ಜಾಗ ಪತ್ತೆ ಮಾಡುವ ಸುಲಭದ ಪರೀಕ್ಷೆಯೂ ಇದೆ. ಅದನ್ನೂ ಮಾಡಿಲ್ಲ. ನಾನೇ ಕಳಿಸಿದ ಫೋಟೊ ನೋಡಿ, ನಾನೇ ಕಳಿಸಿದ ವಿಷಯಕ್ಕೆ ಇಲ್ಲ ಎಂದರು.

ಇನ್ನು ಕಾನೂನು. ನಾನು ವಕೀಲನಲ್ಲ, ಸಹಕಾರ ಸಂಘವೊಂದರಲ್ಲಿ ಲೆಕ್ಕ ನೋಡುವವನು. ಕಾಗದ ಓದುವ ಅಭ್ಯಾಸ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಎರಡನೇ ಕಲಮಿನಲ್ಲಿ, ಅನುಚಿತ ವ್ಯಾಪಾರ ಪದ್ಧತಿ ಯಾವುದು ಎಂದು ಹೇಳುವ ಕಡೆ, ವಾರಂಟಿಯ ಮಾತು ನೇರವಾಗಿಯೇ ಬರುತ್ತದೆ. ಸರಿಯಾದ ಪರೀಕ್ಷೆ ಮಾಡದೆ ವಸ್ತುವಿನ ಬಾಳಿಕೆ ಬಗ್ಗೆ ವಾರಂಟಿ ಕೊಡುವುದು ಅನುಚಿತ. ದಾರಿ ತಪ್ಪಿಸುವಂಥ ವಾರಂಟಿ ಕೊಡುವುದು ಅನುಚಿತ. ರಿಪೇರಿ ಮಾಡಿಕೊಡುತ್ತೇವೆ ಎಂದು ಮಾತು ಕೊಟ್ಟು, ಆ ಮಾತು ನಡೆಯುವ ಸಂಭವವೇ ಇಲ್ಲದಿದ್ದರೆ ಅದೂ ಅನುಚಿತ. ನನ್ನ ಕೈಯಲ್ಲಿರುವ ವಾರಂಟಿ ಹಾಳೆ ಇದರಲ್ಲಿ ಯಾವುದರಿಂದ ತಪ್ಪಿಸಿಕೊಳ್ಳುತ್ತದೆ ಎಂದು ನೀವೇ ನೋಡಿ ಹೇಳಬೇಕು.

‘ಟೆಸ್ಟ್ ಡ್ರೈವ್ ಮಾಡಿದ್ದೀರಿ, ನೋಡಿಯೇ ತಗೊಂಡಿದ್ದೀರಿ’ ಎಂದೂ ಫೋನ್‌ನಲ್ಲಿ ಹೇಳಿದರು. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿದೆ. ಕೊಳ್ಳುವವರು ನೋಡಿಯೇ ತಗೊಂಡಿದ್ದರೂ, ಆ ನೋಟಕ್ಕೆ ಸಿಗಬೇಕಾಗಿದ್ದ ದೋಷಗಳಷ್ಟೇ ಅವರ ಹೊಣೆಗೆ ಬರುತ್ತವೆ. ತೊಳೆದು ಒರೆಸಿದ ಎಂಜಿನ್‌ನ ಹಿಂಬದಿ, ಲಿಫ್ಟ್‌ಗೆ ಏರಿಸದೆ ಕಾಣದ ಜಾಗ, ಶೋರೂಮ್ ಅಂಗಳದಲ್ಲಿ ನಿಂತು ನೋಡುವ ಗಿರಾಕಿಗೆ ಹೇಗೆ ಕಾಣುತ್ತದೆ? ಲಿಫ್ಟ್ ಇದ್ದದ್ದು ಅವರ ಹತ್ತಿರ. ತಪಾಸಣೆ ಮಾಡಿದವರು ಅವರು.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ವಿಷಯಕ್ಕೆ ಬರುತ್ತೇನೆ. ಕಂಪನಿಯ ಜಾಹೀರಾತು ಕನ್ನಡದಲ್ಲಿತ್ತು. ಹೆದ್ದಾರಿ ಬದಿಯ ಬೋರ್ಡ್ ಕನ್ನಡದಲ್ಲಿತ್ತು. ಶೋರೂಮ್ ಹುಡುಗ ಒಳ್ಳೆಯ ಕನ್ನಡದಲ್ಲಿ, “ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಟೆನ್ಶನ್ನೇ ಬೇಡ ಸಾರ್, ಒಂದು ವರ್ಷ ನಮ್ಮದು” ಎಂದ. ಆದರೆ ಯಾವುದಕ್ಕೆ ವಾರಂಟಿ ಇಲ್ಲ ಎನ್ನುವ ಪಟ್ಟಿ ಬಂದದ್ದು ಪೂರ್ತಿ ಇಂಗ್ಲಿಷ್‌ನಲ್ಲಿ, ದುಡ್ಡು ಕಟ್ಟಿದ ಮೇಲೆ, ಮೊಬೈಲ್‌ಗೆ ಕಳಿಸಿದ ಒಂದು ಕಡತದ ಒಳಪುಟಗಳಲ್ಲಿ. ಅಕ್ಷರ ಎಷ್ಟು ಸಣ್ಣದೆಂದರೆ ಬೆರಳಿನಿಂದ ಎಳೆದು ದೊಡ್ಡದು ಮಾಡದೆ ಓದಲಾಗದು. ನಾನೇನೋ ಕಷ್ಟಪಟ್ಟು ಓದಿದೆ. ನಮ್ಮ ಕಡೆ ತೆಂಗು ಬೆಳೆದು, ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮೊದಲ ಸಲ ಕಾರು ತರುವ ರೈತರಿದ್ದಾರೆ. ಅವರಿಗೆ ಮಾರುವಾಗ ಕನ್ನಡ ಬರುತ್ತದೆ, ಇಲ್ಲ ಎನ್ನುವಾಗ ಮಾತ್ರ ಇಂಗ್ಲಿಷ್ ಬೇಕಾಗುತ್ತದೆ. ಇದು ಅನ್ಯಾಯ ಅಲ್ವಾ?

ಇದಕ್ಕೆ ನಿಯಮವನ್ನು ನೀವೇ ಮಾಡಿದ್ದೀರಿ. 2022ರ ಜೂನ್‌ನಲ್ಲಿ ನಿಮ್ಮ ಪ್ರಾಧಿಕಾರ ಹೊರಡಿಸಿದ ದಾರಿ ತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಯಲ್ಲಿ ಷರತ್ತುಗಳ ಬಗ್ಗೆ ಸ್ಪಷ್ಟವಾಗಿ ಬರೆದಿದ್ದೀರಿ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಅಕ್ಷರವೂ ಅದೇ ಥರ ಇರಬೇಕು. ಮುಖ್ಯ ಸಂಗತಿಯನ್ನು ಷರತ್ತಿನಲ್ಲಿ ಬಚ್ಚಿಡುವ ಹಾಗಿಲ್ಲ. ಜಾಹೀರಾತಿನ ತಪ್ಪು ಮಾತನ್ನು ಷರತ್ತಿನಿಂದ ತಿದ್ದಲು ಹೋಗುವ ಹಾಗಿಲ್ಲ. ‘ಎಂಜಿನ್‌ಗೆ ವಾರಂಟಿ’ ಎಂದು ಕನ್ನಡದಲ್ಲಿ ಬೋರ್ಡ್ ಹಾಕಿ, ‘ಸೀಲ್, ಗ್ಯಾಸ್ಕೆಟ್ ಬಿಟ್ಟು’ ಎಂದು ಇಂಗ್ಲಿಷ್ ಕಡತದಲ್ಲಿ ಬರೆಯುವುದು ಈ ನಿಯಮಕ್ಕೆ ನೇರ ವಿರುದ್ಧ ಎಂದು ನನ್ನ ವಾದ. ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕಾಯ್ದೆಯ 21ನೇ ಕಲಮಿನಲ್ಲಿ ನಿಮಗಿದೆ.

ಜಿಲ್ಲಾ ಆಯೋಗಕ್ಕೆ ಹೋದರೆ ನನ್ನ ಕಾರಿಗೆ ನ್ಯಾಯ ಸಿಗಬಹುದು. ವಾರಂಟಿ ಹಾಳೆ ಮಾತ್ರ ಹಾಗೇ ಉಳಿಯುತ್ತದೆ. ಅನ್ಯಾಯದ ಕರಾರಿನ ಮೇಲಿನ ದೂರು ಕೇಳುವ ಅಧಿಕಾರವನ್ನು ಕಾಯ್ದೆ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಕೊಟ್ಟಿದೆ, ಜಿಲ್ಲಾ ಆಯೋಗದ ಅಧಿಕಾರ ಹೇಳುವ ಕಲಮಿನಲ್ಲಿ ಆ ಮಾತಿಲ್ಲ. ಒಂದು ಆಯಿಲ್ ಸೀಲ್‌ಗೆ ಎಷ್ಟು ಜನ ರಾಜ್ಯ ಆಯೋಗದವರೆಗೆ ಹೋಗುತ್ತಾರೆ? ಹೋಗುವುದಿಲ್ಲ ಎಂದು ಕಂಪನಿಗಳಿಗೂ ಗೊತ್ತು. ಹೆಚ್ಚಿನವರು ಬೈದುಕೊಂಡು ತಾವೇ ದುಡ್ಡು ಹಾಕಿ ರಿಪೇರಿ ಮಾಡಿಸುತ್ತಾರೆ.

ಸರ್ಕಾರ ಈ ವ್ಯಾಪಾರವನ್ನು ನೋಡಿಯೇ ಇಲ್ಲ ಎನ್ನುವ ಹಾಗೂ ಇಲ್ಲ. 2023ರ ಏಪ್ರಿಲ್ 1ರಿಂದ ಹಳೇ ವಾಹನದ ಡೀಲರ್‌ಗಳು ಆರ್‌ಟಿಒ ಕಡೆಯಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು ಎಂಬ ನಿಯಮ ಬಂದಿದೆ. ಗಾಡಿ ಅವರ ಕೈಗೆ ಬಂದದ್ದನ್ನು ತಿಳಿಸಬೇಕು, ಅವರ ಹತ್ತಿರ ಇರುವಾಗ ಎಲ್ಲೆಲ್ಲಿ ಓಡಿತು ಎಂದು ಬರೆದಿಡಬೇಕು. ಒಳ್ಳೆಯ ನಿಯಮ. ಮಾರಿದ ಮೇಲೂ ಹಳೇ ಮಾಲೀಕರ ಮನೆಗೆ ಫೈನ್ ನೋಟಿಸ್ ಬರುವುದು ಇದರಿಂದ ತಪ್ಪುತ್ತದೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ, ಡೀಲರ್‌ಗಳು ಹಳೇ ಕಾರಿನ ಮೇಲೆ ಇಟ್ಟುಕೊಳ್ಳುವ ಲಾಭದ ಮೇಲಿನ ತೆರಿಗೆಯನ್ನು ಎಲ್ಲ ಕಾರುಗಳಿಗೂ ಶೇಕಡಾ 18ಕ್ಕೆ ತಂದಿತು. ಗಾಡಿಯ ಕಾಗದಕ್ಕೆ ನಿಯಮ ಆಯಿತು, ಲಾಭಕ್ಕೆ ತೆರಿಗೆ ಆಯಿತು. ಕೊಟ್ಟ ತಪಾಸಣಾ ವರದಿಗೂ ವಾರಂಟಿಗೂ ಒಂದು ನಿಯಮ ಬೇಕಲ್ಲವೇ?

ಬೇರೆ ದೇಶಗಳಲ್ಲಿ ಇದು ಹೊಸದೇನಲ್ಲ. ಬ್ರಿಟನ್‌ನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ, ಡೀಲರ್ ಮಾರಿದ ವಸ್ತುವಿನಲ್ಲಿ ಆರು ತಿಂಗಳೊಳಗೆ ದೋಷ ಕಂಡರೆ ಅದು ಮಾರುವಾಗಲೇ ಇತ್ತು ಎಂದೇ ಲೆಕ್ಕ. ಅಲ್ಲ ಎನ್ನುವುದಾದರೆ ಡೀಲರ್ ಸಾಬೀತು ಮಾಡಬೇಕು. ಹಳೇ ಕಾರಿಗೂ ಇದೇ ನಿಯಮ. ಅಮೆರಿಕದಲ್ಲಿ ಡೀಲರ್‌ಗಳು ಮಾರಾಟಕ್ಕಿಟ್ಟ ಹಳೇ ಕಾರಿನ ಮೇಲೆ, ವಾರಂಟಿ ಇದೆಯೋ ಇಲ್ಲವೋ, ಇದ್ದರೆ ಯಾವ ಭಾಗಗಳಿಗೆ ಎಂದು ಬರೆದ ಹಾಳೆಯನ್ನು ಗಿರಾಕಿಗೆ ಕಾಣುವ ಹಾಗೆ ಅಂಟಿಸಲೇಬೇಕು. ಕೊಳ್ಳುವವರು ದುಡ್ಡು ತೆಗೆಯುವ ಮೊದಲೇ ಅದನ್ನು ಓದುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಕಾಯ್ದೆಯ 18ನೇ ಕಲಮಿನ ಅಡಿ ಮಾರ್ಗಸೂಚಿ ಹೊರಡಿಸುವ ಅಧಿಕಾರ ನಿಮಗಿದೆ. ಹೋಟೆಲ್‌ಗಳ ಸರ್ವೀಸ್ ಚಾರ್ಜ್ ಬಗ್ಗೆ 2022ರಲ್ಲಿ ಹೊರಡಿಸಿದ್ದೀರಿ, ಕೋಚಿಂಗ್ ಸೆಂಟರ್‌ಗಳ ಜಾಹೀರಾತಿನ ಬಗ್ಗೆ 2024ರಲ್ಲಿ ಹೊರಡಿಸಿದ್ದೀರಿ. ಹಳೇ ಕಾರಿನ ವಾರಂಟಿಗೂ ಒಂದು ಹೊರಡಿಸಿ. ವಾರಂಟಿಯಲ್ಲಿ ಬರದ ಭಾಗಗಳ ಪಟ್ಟಿ ಮೊದಲ ಪುಟದಲ್ಲೇ, ಗಿರಾಕಿಯ ಭಾಷೆಯಲ್ಲಿ, ದುಡ್ಡು ಕಟ್ಟುವ ಮೊದಲೇ ಕೈಗೆ ಬರಬೇಕು. ತಪಾಸಣಾ ವರದಿಯಲ್ಲಿ ‘ಇಲ್ಲ’ ಎಂದು ಬರೆದ ದೋಷ ಆಮೇಲೆ ಕಂಡರೆ ‘ಹಳೇ ದೋಷ’ ಎಂಬ ನೆಪ ನಡೆಯಬಾರದು. ಎಂಜಿನ್ ವಾಶ್ ಮಾಡುವ ಮೊದಲು ಕೆಳಭಾಗದ ಫೋಟೊ ತೆಗೆದು ವರದಿಗೆ ಸೇರಿಸಬೇಕು. ಗೀರಿನ ಫೋಟೊ ತೆಗೆಯುವವರಿಗೆ ಇದು ಕಷ್ಟದ ಕೆಲಸವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಾರಂಟಿ ನಿರಾಕರಿಸುವುದಾದರೆ ಗಾಡಿಯನ್ನು ನೋಡಿ ನಿರಾಕರಿಸಬೇಕು. ಯಾವ ಭಾಗ, ಯಾವ ಕಾರಣ, ಯಾವ ಪರೀಕ್ಷೆ ಮಾಡಿದಿರಿ, ನೋಡಿದವರು ಯಾರು ಎಂದು ಬರೆದು ಸಹಿ ಹಾಕಿ ಕೊಡಬೇಕು. ಸವೆತ ಎನ್ನುವುದನ್ನು ಸಾಬೀತು ಮಾಡುವ ಭಾರ, ಗಾಡಿಯನ್ನು ಲಿಫ್ಟ್‌ಗೆ ಏರಿಸಿ ನೋಡಿ ಮಾರಿದವರದ್ದೇ ಆಗಬೇಕು.

ಜಿಲ್ಲಾಧಿಕಾರಿಗಳಿಗೆ ಪ್ರತಿ ಕಳಿಸಿರುವುದಕ್ಕೂ ಕಾರಣ ಇದೆ. ಅನೇಕ ಗ್ರಾಹಕರಿಗೆ ಒಟ್ಟಾಗಿ ಹಾನಿ ಮಾಡುವ ವ್ಯಾಪಾರ ಪದ್ಧತಿಯ ಬಗ್ಗೆ ಅವರಿಗೂ ದೂರು ಕೊಡಬಹುದು, ಅವರು ವಿಚಾರಣೆ ಮಾಡಿ ನಿಮಗೆ ವರದಿ ಕಳಿಸಬಹುದು ಎಂದು 16 ಮತ್ತು 17ನೇ ಕಲಮುಗಳು ಹೇಳುತ್ತವೆ. ನಮ್ಮ ಜಿಲ್ಲೆಯಲ್ಲಿ ಇದೇ ಥರದ ವಾರಂಟಿ ಹಾಳೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರನ್ನು ಕರೆದು ಕೇಳಿ ಎಂದು ಕೈಮುಗಿದು ಕೋರುತ್ತೇನೆ.

ಇದನ್ನು ಓದುತ್ತಿರುವ, ಇದೇ ತೊಂದರೆಯಲ್ಲಿರುವ ಕಾರು ಮಾಲೀಕರಿಗೂ ಒಂದು ಮಾತು. ದೂರು ಕೊಡುವ ಮೊದಲು ಸೀಲ್ ಬಿಚ್ಚಿಸಬೇಡಿ, ಒರೆಸಿ ತೊಳೆಯಬೇಡಿ. ಫೋಟೊ ತೆಗೆಯುವಾಗ ಕಿಲೋಮೀಟರ್ ಮೀಟರೂ ಕಾಣಲಿ. ಆಯಿಲ್ ಮಟ್ಟ ಮಾತ್ರ ಕಾಪಾಡಿಕೊಳ್ಳಿ, ಹಾಕಿದ ಆಯಿಲ್‌ನ ಬಿಲ್ ಇಟ್ಟುಕೊಳ್ಳಿ. ಫೋನ್‌ನಲ್ಲಿ ಆದ ಮಾತನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಾಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಆಯೋಗ. ಶೋರೂಮ್ ಬೆಂಗಳೂರಿನಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರಿಗೆ ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ವಕೀಲರನ್ನು ಇಡಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಹೋಗಬೇಕು, ಇದನ್ನು ಮಾತ್ರ ಮರೆಯಬೇಡಿ.

ಕಾರು ಮಾರಿದ ಕಂಪನಿಯವರಿಗೂ ಹೇಳುತ್ತೇನೆ. ನಿಮ್ಮ ಕಸ್ಟಮರ್ ಕೇರ್‌ನಲ್ಲಿ ನನ್ನ ಜೊತೆ ಮಾತಾಡಿದ ಹುಡುಗ ಹುಡುಗಿಯರ ಮೇಲೆ ನನಗೆ ಕೋಪವಿಲ್ಲ. ಅವರ ಮುಂದಿದ್ದ ಪರದೆಯಲ್ಲಿ ಬರೆದದ್ದನ್ನು ಅವರು ಓದಿದರು. ಅದನ್ನು ಬರೆದವರು ನನಗೆ ಉತ್ತರ ಕೊಡಬೇಕು. ಗಾಡಿಯನ್ನು ನಿಮ್ಮ ಮೆಕ್ಯಾನಿಕ್, ನನ್ನ ಮೆಕ್ಯಾನಿಕ್ ಇಬ್ಬರೂ ಎದುರಿಗಿರುವಾಗ ಎತ್ತಿ ನೋಡೋಣ ಎಂದು ನಾನು ಬರೆದ ಇಮೇಲ್ ನಿಮ್ಮ ಹತ್ತಿರ ಇದೆ. ಆ ಮಾತಿಗೆ ಈಗಲೂ ಸಿದ್ಧನಿದ್ದೇನೆ.

ಮಾನ್ಯ ಆಯುಕ್ತರೇ, ತಪಾಸಣಾ ವರದಿ, ವಾರಂಟಿ ಹಾಳೆ, ಕನ್ನಡ ಜಾಹೀರಾತಿನ ಫೋಟೊ, ಎರಡು ನಿರಾಕರಣೆಯ ಉತ್ತರಗಳು ಎಲ್ಲವನ್ನೂ ಕಂಪನಿಯ ಹೆಸರಿನ ಸಮೇತ ನಿಮಗೆ ಪ್ರತ್ಯೇಕವಾಗಿ ಕಳಿಸುತ್ತಿದ್ದೇನೆ. ಬ್ರಾಕೆಟ್ ಹಿಂದಿನ ಮಡ್ಡಿಯನ್ನು ಪರೀಕ್ಷೆಗೆ ಬೇಕಾಗಬಹುದೆಂದು ಹಾಗೇ ಬಿಟ್ಟಿದ್ದೇನೆ. ಯಾವತ್ತು ಎಲ್ಲಿಗೆ ತರಬೇಕು ಹೇಳಿ, ಗಾಡಿ ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ತಿಪಟೂರಿನ ಒಬ್ಬ ಗ್ರಾಹಕ